ಯಂತ್ರದ ಮುಂದೆ ಕೂತವರು

‘ಯಂತ್ರದ ಮುಂದೆ ಕೂತವರ ಹೆಸರೇ ರಿಜಿಸ್ಟರಿನಲ್ಲಿ ಇರತಕ್ಕದ್ದು. ಕೂತ ದಿನವೇ ಬರೆಯತಕ್ಕದ್ದು. ಒಬ್ಬರ ಪರವಾಗಿ ಇನ್ನೊಬ್ಬರು ಬರೆಯಕೂಡದು.’ ಓದಿದೆ ಅಕ್ಕಾ, ಬಾಯಿಬಿಟ್ಟು ಓದಿದೆ, ಸಾಕಾ? ಇನ್ನು ಆ ಗೋಡೆ ಕಡೆ ಬೆರಳು ತೋರಿಸಬೇಡಿ. ನಾನೇ ಟೈಪ್ ಮಾಡಿ ನಾನೇ ಅಂಟಿಸಿದ ಹಾಳೆ ಅದು. ಹತ್ತೊಂಬತ್ತು ವರ್ಷ ಆಯ್ತು. ಮೂಲೆಯೆಲ್ಲ ಹಳದಿ ಆಗಿದೆ, ಆದರೂ ಅದರಲ್ಲಿ ಒಂದಕ್ಷರ ತಪ್ಪಿಲ್ಲ. ತಪ್ಪಿದ್ದು ನಾವು. ಮಣ್ಣಿನ ಪ್ರೊಫೆಸರು ತಪ್ಪಿದರು, ಆಸ್ಪತ್ರೆ ಡಾಕ್ಟರು ತಪ್ಪಿದರು. ನಾನೂ... ಹೂಂ, ನಾನೂ ತಪ್ಪಿದೆ. ಅದನ್ನ ಹೇಳೋಕೇ ಇಳಿದು ಬಂದಿದ್ದು.

ಕೂತ್ಕೊಳ್ಳಿ. ನೀವು ಆ ಪಂಪಿನ ಪಕ್ಕ ನಿಂತರೆ ನಾನು ಕೂಗಿ ಹೇಳಬೇಕಾಗುತ್ತೆ. ಕೂಗಿ ಹೇಳೋ ಮಾತಲ್ಲ ಇದು. ಸಮಿತಿಯವರು ಐದೂ ಜನ ಎರಡನೇ ಮಹಡೀಲಿ ಊಟಕ್ಕೆ ಕೂತಿದ್ದಾರೆ. ಮೈಕ್ರೋಸ್ಕೋಪ್ ಕೋಣೆ ತಣ್ಣಗಿದೆಯಾ ನೋಡ್ಕೊಂಡು ಬರ್ತೀನಿ ಅಂತ ನೆಪ ಹೇಳಿ, ತಟ್ಟೆ ಹಾಗೇ ಬಿಟ್ಟು ಎದ್ದು ಬಂದೆ. ಒಂದೂಮುಕ್ಕಾಲಿಗೆ ಎಲ್ಲರೂ ಇಲ್ಲಿಗೆ ಬರ್ತಾರೆ. ಈಗ ಒಂದು ಇಪ್ಪತ್ತೆರಡು. ಇಪ್ಪತ್ತಮೂರು ನಿಮಿಷ ಇದೆ.

ಯಾಕೆ ನಗ್ತೀರಿ? ನಿಮಿಷ ಲೆಕ್ಕ ಹಾಕಿದ್ದಕ್ಕಾ? ನಗಿ. ಮನೇಲೂ ನಗ್ತಾರೆ.

ಇದು... ಇದನ್ನ ಬಿಚ್ಚಿ ನೋಡಿ. ಪೇಪರ್ ಸುತ್ತಿರೋದು. ಬಾಂಬಲ್ಲ, ರಿಜಿಸ್ಟರು. ನೀವು ಬರೆಯೋ ಥರದ್ದೇ, ಅದೇ ಕೆಂಪು ಬೈಂಡು, ಅದೇ ಇನ್ನೂರು ಪುಟ. ಅದೇ ಅಂಗಡೀಲಿ ತಂದಿದ್ದು. ಎರಡು ವರ್ಷದ ಕೆಲಸ ಒಳಗಿದೆ. ಮೂರು ವಾರದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ, ನಾವು ಮೂವರು ಕೂತು ಬರೆದ ಎರಡು ವರ್ಷ.

ಮೊದಲಿಂದ ಹೇಳ್ತೀನಿ, ಮಧ್ಯೆ ಏಳಬೇಡಿ. ಜಂಟಿ ಸಂಶೋಧನಾ ಕೇಂದ್ರಗಳಿಗೆ ಸರ್ಕಾರ ಅನುದಾನ ಕೊಡುತ್ತೆ ಅಂತ ಹೋದ ವರ್ಷ ಪ್ರಕಟಣೆ ಬಂತಲ್ಲ, ಅದನ್ನ ಕತ್ತರಿಸಿ ನನ್ನ ಮೇಜಿನ ಮೇಲೆ ಇಟ್ಟವರೇ ನೀವು. ಅಂಚಲ್ಲಿ ಪೆನ್ಸಿಲಲ್ಲಿ ಬರೆದಿದ್ದಿರಿ, ‘ಸರ್, ಇದು ನಮಗೇ ಹೇಳಿದ ಹಾಗಿದೆ’ ಅಂತ. ಹೇಳಿದ ಹಾಗೇ ಇತ್ತು. ಕಲ್ಲು ಒಡೆಯೋರ ಎದೆಯೊಳಗೆ ಯಾವ ಧೂಳು ಹೋಗಿ ಕೂರುತ್ತೆ, ಯಾಕೆ ಆಚೆಗೆ ಬರಲ್ಲ. ಇದನ್ನ ಒಬ್ಬರು ನೋಡಿ ಮುಗಿಸೋಕಾಗಲ್ಲ. ಡಾಕ್ಟರು ಶ್ವಾಸಕೋಶದ ಚೂರು ಕೊಡಬೇಕು, ಮಣ್ಣಿನ ಪ್ರೊಫೆಸರು ಕ್ವಾರಿ ಧೂಳು ತರಬೇಕು, ಎರಡನ್ನೂ ಇಲ್ಲಿ, ಈ ಯಂತ್ರದಡಿ ಇಟ್ಟು ನೋಡಬೇಕು. ಮೂರು ಸಂಸ್ಥೆ, ಒಂದು ಕೇಂದ್ರ, ಐದು ವರ್ಷ. ಆ ಅರ್ಜೀನ ಒಂಬತ್ತು ಸಲ ತಿದ್ದಿದೆ ನಾನು. ಅಲ್ಪವಿರಾಮ ಕೂಡ ಬಿಟ್ಟಿಲ್ಲ.

ಕಾಲು ಸಿಕ್ಕಿಹಾಕ್ಕೊಂಡಿದ್ದು ಹದಿನಾಲ್ಕನೇ ಕಲಮಿನಲ್ಲಿ. ಪಾಲುದಾರ ಸಂಸ್ಥೆಗಳ ವಿಜ್ಞಾನಿಗಳು ಹಿಂದಿನ ಎರಡು ವರ್ಷದಲ್ಲಿ ಒಟ್ಟಿಗೆ ಕೂತು ಮಾಡಿದ ಕೆಲಸ, ಕನಿಷ್ಠ ನೂರು ದಿನ. ಆಧಾರ, ಉಪಕರಣದ ಮೂಲ ರಿಜಿಸ್ಟರು. ಒಟ್ಟಿಗೆ ಕೂತು ಅಂತ ಬರೆದಿದ್ದಾರೆ ಅಕ್ಕಾ. ಸುಮ್ಮನೆ ಒಟ್ಟಾಗಿ ಅಂದಿದ್ದರೆ ಹೇಗೋ ಆಗ್ತಿತ್ತು. ಒಟ್ಟಿಗೆ ಕೂತಿದ್ದು ಎಷ್ಟು ಸಲ, ಹೇಳಿ?

ಹನ್ನೊಂದು. ನಿಮಗೆ ಬಾಯಿಪಾಠ. ಅದರಲ್ಲೂ ಮೂರು ಸಲ ಡಾಕ್ಟರು ಫೋನ್ ಕಿವಿಗಿಟ್ಟುಕೊಂಡು ಕಾರಿಡಾರಿನಲ್ಲೇ ಓಡಾಡ್ತಿದ್ದರು.

ಕೆಲಸ ಆಗಿಲ್ಲ ಅಂತಲ್ಲ. ಆಗಿದೆ. ನೂರಾನಲವತ್ತಾರು ದಿನ ಈ ಯಂತ್ರ ಓಡಿದೆ. ಆಸ್ಪತ್ರೆಯಿಂದ ಐಸ್ ಡಬ್ಬಿ ಬರ್ತಿತ್ತು, ಮಣ್ಣಿನ ಕಡೆಯಿಂದ ಸೀಸೆ ಪೆಟ್ಟಿಗೆ ಬರ್ತಿತ್ತು, ಜೊತೆಗೆ ನಾವು ಯಾರೂ ಬರ್ತಿರಲಿಲ್ಲ. ನೀವು ಒಬ್ಬರೇ ಸ್ವೆಟರ್ ಹಾಕ್ಕೊಂಡು ಇಲ್ಲಿ ಕೂತು, ನೋಡಿ, ಚಿತ್ರ ತೆಗೆದು, ಮೂವರಿಗೂ ಕಳಿಸ್ತಿದ್ದಿರಿ. ನಾವು ನಮ್ಮ ನಮ್ಮ ಕೋಣೇಲಿ ಕಾಫಿ ಕುಡೀತಾ ಅದರ ಮೇಲೆ ಪ್ರಬಂಧ ಬರೀತಿದ್ವಿ. ಚೂಪು ಅಂಚಿನ ಆ ಕಣಗಳನ್ನ ಮೊದಲು ಕಂಡವರು ಯಾರು? ನನ್ನನ್ನ ಮೇಲಿಂದ ಕರೆಸಿ, ‘ಸರ್, ಇದು ಉರುಟಾಗಿಲ್ಲ, ಒಡೆದ ಗಾಜಿನ ಹಾಗಿದೆ, ನೋಡಿ’ ಅಂದವರು ಯಾರು? ನನಗೆ ಮರೆತಿಲ್ಲ. ಮರೆತ ಹಾಗೆ ಬರೆದಿದ್ದೀನಿ ಅಷ್ಟೇ.

ಆದರೆ ನೀವೇ ಹೇಳಿ. ನೂರಾನಲವತ್ತಾರು ದಿನವೂ ನಮ್ಮ ವಿಭಾಗದ ಆಪರೇಟರ್ ಒಬ್ಬರೇ ಕೂತಿದ್ದರು ಅಂತ ತೋರಿಸಿದರೆ ‘ಜಂಟಿ’ ಎಲ್ಲಿಂದ ಬರಬೇಕು? ಮೊದಲನೇ ಜರಡೀಲೇ ಅರ್ಜಿ ಉದುರಿ ಹೋಗ್ತಿತ್ತು. ಅದಕ್ಕೆ ಹದಿನಾಲ್ಕನೇ ಕಲಮಿನಲ್ಲಿ ನಮ್ಮ ಮೂವರ ಹೆಸರು ಹಾಕಿ ನೂರಾನಲವತ್ತಾರು ಅಂತ ಬರೆದೆ. ಬರೆಯುವಾಗ ಅಂದುಕೊಂಡೆ, ಅಂಕಿ ಸುಳ್ಳಲ್ಲವಲ್ಲ. ಅಂಕಿ ನಿಜ. ಹೆಸರು ಮಾತ್ರ... ಹೆಸರು ಮಾತ್ರ ಸುಳ್ಳು.

ಆಮೇಲೆ ಪತ್ರ ಬಂತು. ಆಯ್ಕೆಯ ಕೊನೆ ಸುತ್ತಿಗೆ ಬಂದಿದ್ದೀರಿ, ಸಮಿತಿ ಖುದ್ದಾಗಿ ಬಂದು ಮೂಲ ರಿಜಿಸ್ಟರ್ ನೋಡುತ್ತೆ ಅಂತ. ಮಣ್ಣಿನ ಪ್ರೊಫೆಸರು ನಗ್ತಾ, ‘ರಿಜಿಸ್ಟರ್ ತಾನೇ? ಬರೆದರಾಯ್ತು’ ಅಂದರು. ಅವರ ಮನೇಲೇ ಕೂತ್ವಿ. ನಾಲ್ಕು ಬಣ್ಣದ ಪೆನ್ನು, ಕ್ಯಾಲೆಂಡರು, ನೀವು ಕಳಿಸಿದ್ದ ಚಿತ್ರಗಳ ಪಟ್ಟಿ. ಪಟ್ಟೀಲಿ ತಾರೀಕು ಇರಲಿಲ್ಲ, ಕ್ಯಾಲೆಂಡರ್ ನೋಡಿ ನಾವೇ ಹಂಚಿದ್ವಿ. ಡಾಕ್ಟರ ಕೈಬರಹ ಅವರಿಗೇ ಓದೋಕಾಗಲ್ಲ, ‘ಸಹಜವಾಗಿ ಬರುತ್ತೆ ಬಿಡಿ’ ಅಂತ ಅವರದ್ದೇ ತಮಾಷೆ. ಹಾಳೆ ಹೊಸದಾಗಿ ಕಾಣುತ್ತೆ ಅಂತ ಪ್ರೊಫೆಸರು ಅದನ್ನ ಎರಡು ದಿನ ಕಾರಿನ ಕಾಲೊರಸಿನಡಿ ಇಟ್ಟರು. ಅವರ ಹೆಂಡತಿ ಚಹಾ ತಂದು, ನಮ್ಮನ್ನ ನೋಡಿ, ‘ಇದೇನು, ರಜೆ ಮುಗಿಯೋ ದಿನ ಹೋಂವರ್ಕ್ ಮಾಡೋ ಮಕ್ಕಳ ಹಾಗೆ ಕೂತಿದ್ದೀರಲ್ಲ’ ಅಂದರು. ಇಬ್ಬರೂ ನಕ್ಕರು. ನಾನು ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದೆ.

ಹಾಗೆ ನೋಡಬೇಡಿ ಅಕ್ಕಾ. ಬೈದುಬಿಡಿ ಬೇಕಾದರೆ.

ಈಗ ನಿಮ್ಮಿಂದ ಬೇಕಿರೋದು ಇಷ್ಟು. ಕೊನೇ ಕಾಲಮು ಖಾಲಿ ಇದೆ, ‘ಆಪರೇಟರ್ ಸಹಿ’. ನಾವು ಮುಟ್ಟಿಲ್ಲ. ಡಾಕ್ಟರು ‘ಗೀಚಿಬಿಡೋಣ’ ಅಂದರು, ನಾನು ಬಿಡಲಿಲ್ಲ. ನಿಮ್ಮ ಸಹಿಯನ್ನ ಇನ್ನೊಬ್ಬರು ಹಾಕಕೂಡದು ಅಂದೆ. ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದೀನಿ. ಎಲ್ಲಾ ಪುಟಕ್ಕೂ ಬೇಡ, ಮೊದಲ ಹತ್ತು ಪುಟ ಹಾಕಿ. ಅವರು ಅಷ್ಟೇ ತಿರುಗಿಸಿ ನೋಡೋದು. ಏನಿದು ಹೊಸದಾಗಿದೆ ಅಂತ ಕೇಳಿದರೆ, ಹಳೇದು ನೀರು ಬಿದ್ದು ಹಾಳಾಗಿತ್ತು, ಪ್ರತಿ ಮಾಡಿದ್ವಿ ಅಂತ ನಾನೇ ಹೇಳ್ತೀನಿ. ನೀವು ಬಾಯಿ ಬಿಡೋದೂ ಬೇಡ. ಹಳೇದನ್ನ ಮಾತ್ರ ನನ್ನ ಕೈಗೆ ಕೊಟ್ಟುಬಿಡಿ. ನಮ್ಮನೇಲಿ ಭದ್ರವಾಗಿರುತ್ತೆ. ಇವತ್ತು ಅದು ಈ ಕೋಣೇಲಿ ಇರೋದು ಬೇಡ.

ಏನು? ಎಲ್ಲಿ ಬೆರಳಿಟ್ಟಿದ್ದೀರಿ? ಕನ್ನಡಕ ಮೇಲೇ ಬಿಟ್ಟು ಬಂದೆ... ಹಾಂ, ಮೂವತ್ತೆಂಟನೇ ಪುಟ. ಸರಿಯಾಗೇ ಇದೆಯಲ್ಲ. ಡಾಕ್ಟರು, ಮಣ್ಣಿನ ಪ್ರೊಫೆಸರು, ನಾನು, ಬೆಳಿಗ್ಗೆ ಹತ್ತರಿಂದ ಒಂದು. ಆ ವಾರ ನಾಲ್ಕು ದಿನ, ಮುಂದಿನ ವಾರ ಐದು. ಯಾಕೆ, ಏನಾಗಿತ್ತು ಆವಾಗ?

ಪಂಪು.

ಯಂತ್ರ ತಣ್ಣಗಿಡೋ ನೀರಿನ ಪಂಪು ಸುಟ್ಟುಹೋಗಿತ್ತು. ನಲವತ್ತು ದಿನ ಯಂತ್ರ ಬಂದ್ ಇತ್ತು. ನೀವು ದಿನಾ ಬಂದು ಇದಕ್ಕೆ ಬಟ್ಟೆ ಹೊದಿಸಿ, ಕಂಪನಿಗೆ ಫೋನ್ ಮಾಡಿ ಮಾಡಿ ಸುಸ್ತಾಗಿ, ಕೊನೆಗೆ ಬಸ್ ಹತ್ತಿ ನೀವೇ ಹೋಗಿ ಬಿಡಿಭಾಗ ತಂದಿರಿ. ಬಿಲ್ಲಿಗೆ ಸಹಿ ಹಾಕಿದವನು ನಾನು. ಅದೇ ನಲವತ್ತು ದಿನದಲ್ಲಿ ನಾವು ಮೂವರು ಹದಿನೆಂಟು ಸಲ ಇಲ್ಲಿ ಕೂತು ಕೆಲಸ ಮಾಡಿದ್ವಿ. ಮೂರು ಜನ ಪಿಎಚ್‌ಡಿ ಆದವರು. ಒಬ್ಬರಿಗೂ ಹೊಳೀಲಿಲ್ಲ. ಹೊಳೆಯೋದು ಹೇಗೆ? ಇಲ್ಲಿಗೆ ಬಂದಿದ್ದರೆ ತಾನೇ ಯಂತ್ರ ಕೆಟ್ಟಿದ್ದು ನೆನಪಿರೋದು?

ನಗಬಹುದು ಈಗ. ಇದಕ್ಕೆ ನಗಲೇಬೇಕು. ಈಗ ಯಾಕೆ ನಗ್ತಿಲ್ಲ?

ನೋಡಿ, ಆ ಪುಟ ಬಿಡಿ, ಅವರು ಅಷ್ಟು ದೂರ ಹೋಗಲ್ಲ. ಅಧ್ಯಕ್ಷೆ ಇದ್ದಾರಲ್ಲ, ಬಿಳಿ ಕೂದಲಿನ ಆಯಮ್ಮ, ಅವರೊಬ್ಬರೇ ಸ್ವಲ್ಪ ಗಟ್ಟಿ. ಉಳಿದವರಿಗೆ ನಾಲ್ಕು ಗಂಟೆ ರೈಲು ಹಿಡಿಯೋದೇ ಚಿಂತೆ. ಅನುದಾನ ಬಂದರೆ ಏನೇನಾಗುತ್ತೆ ಯೋಚನೆ ಮಾಡಿ. ಆರು ಜನ ಸಂಶೋಧನಾ ವಿದ್ಯಾರ್ಥಿಗಳಿಗೆ ಇನ್ನೂ ಐದು ವರ್ಷ ದಾರಿ. ಕ್ವಾರಿ ಪಕ್ಕದಲ್ಲೇ ತಪಾಸಣೆ ಕೇಂದ್ರ. ಮೂವತ್ತೈದಕ್ಕೇ ಮೆಟ್ಟಿಲು ಹತ್ತೋಕಾಗದೆ ಕೂತುಬಿಡ್ತಾರಲ್ಲ ಆ ಜನ, ಅವರನ್ನ ಮೊದಲೇ ಕಂಡುಹಿಡೀಬಹುದು. ಅವರಿಗೆ ಯಾವ ಕಾಲಮಿನಲ್ಲಿ ಯಾರ ಹೆಸರಿದೆ ಅಂತ ಏನಾಗಬೇಕು? ನಿಮಗೂ ಹೊಸ ಹುದ್ದೆ, ಹಿರಿಯ ಆಪರೇಟರ್ ಅಂತ. ನಿಮ್ಮ ಕೈ ಕೆಳಗೆ ಇಬ್ಬರು.

ಬೇಡ. ಸರಿ, ಅದನ್ನ ಹೇಳಬಾರದಿತ್ತು. ವಾಪಸ್ ತಗೊಂಡೆ. ತಲೆ ಅಲ್ಲಾಡಿಸಬೇಡಿ, ವಾಪಸ್ ತಗೊಂಡೆ ಅಂದೆನಲ್ಲ.

ಇಡೀ ಕಟ್ಟಡ ನಿಮ್ಮನ್ನ ರಿಜಿಸ್ಟರ್ ಅಕ್ಕ ಅಂತ ಕರೆಯೋದು ಯಾರಿಂದ? ನನ್ನಿಂದ. ನಿಮಗಿಂತ ನಾಲ್ಕು ವರ್ಷ ದೊಡ್ಡವನು, ಆದರೂ ಬಾಯಿಗೆ ಅಕ್ಕಾ ಅಂತಲೇ ಬರುತ್ತೆ. ನೀವು ಸೇರಿದ ಮೊದಲ ವಾರ ನಿಮ್ಮ ಮುಂದೆ ಈ ಹಾಳೆ ಹಿಡಿದು, ‘ಇದು ಮುರಿದರೆ ಯಾರಾದರೂ ಸರಿ, ಆಚೆ’ ಅಂದಿದ್ದೆ. ಹಾಗೇ ಮಾಡಿದೆ ಕೂಡ. ನೆನಪಿದೆಯಾ ಆ ಹುಡುಗಿ? ಜಡೆ ಗಂಟು ಹಾಕ್ಕೊಂಡು ಓಡಿ ಬರ್ತಿದ್ದಳಲ್ಲ, ನನ್ನದೇ ವಿದ್ಯಾರ್ಥಿನಿ. ಹಿಂದಿನ ದಿನದ ಕೆಲಸ ಮಾರನೇ ದಿನ ಬರೆದಳು. ಅಷ್ಟೇ ಅವಳ ಅಪರಾಧ. ಅವರಪ್ಪನಿಗೆ ಹುಷಾರಿಲ್ಲದೆ ಸಂಜೆ ಓಡಿದ್ದಳು ಅಂತ ನೀವೇ ಬಂದು ಹೇಳಿದಿರಿ. ನಾನು ಕೇಳಲಿಲ್ಲ. ಆರು ತಿಂಗಳ ಕೆಲಸ ಪೂರ್ತಿ ರದ್ದು ಮಾಡಿದೆ, ಕೆಂಪು ಗೆರೆ ಎಳೆದೆ. ಆಮೇಲೆ ಅವಳು ಬರಲೇ ಇಲ್ಲ. ನನ್ನ ಹೆಂಡತಿ ಅವತ್ತು ಊಟ ಬಡಿಸ್ತಾ, ‘ನಿಮ್ಮ ನಿಯಮ ನಿಮ್ಮ ಮೇಲೆ ಬಂದಾಗ ನೋಡೋಣ’ ಅಂದಳು. ನೋಡಿ, ಅವಳು ನೋಡೋ ಹಾಗಾಯ್ತು. ಮೂರು ವಾರದಿಂದ ಮನೇಲಿ ಅವಳ ಎದುರು ಕೂತು ಊಟ ಮಾಡಿಲ್ಲ ನಾನು. ಕೆಲಸ ಇದೆ ಅಂತ ತಟ್ಟೆ ಹಿಡಿದು ಒಳಗಿನ ಕೋಣೆಗೆ ಹೋಗ್ತೀನಿ.

ಅಕ್ಕಾ, ಪೆನ್ನು ಇಲ್ಲಿದೆ. ಒಂದು ಮೂವತ್ತಾರು.

ನೀವೂ ಮಾತಾಡಿ. ಆಗಲ್ಲ ಅನ್ನಿ, ನಾಚಿಕೆ ಇಲ್ಲವಾ ಅನ್ನಿ. ಏನಾದರೂ ಅಂದರೆ ನಾನು ಉತ್ತರ ಕೊಡಬಹುದು. ಇಪ್ಪತ್ತು ಉತ್ತರ ಸಿದ್ಧ ಮಾಡ್ಕೊಂಡು ಬಂದಿದ್ದೀನಿ, ನೀವು ಒಂದು ಪ್ರಶ್ನೆಯನ್ನೂ ಕೇಳ್ತಿಲ್ಲ. ನಿಮ್ಮ ಮೇಲೆ ಒಂದು ಮಾತು ಬರೋಕೆ ಬಿಡ್ತೀನಾ ನಾನು? ಏನೇ ಆದರೂ ನನ್ನ ತಲೆ ಮೇಲೆ. ನಾನು ಇರೋವರೆಗೂ ನಿಮ್ಮ ಹೆಸರಿಗೆ ಒಂದು ಮಸಿ ಚುಕ್ಕೆ...

ಏನು ಹುಡುಕ್ತಿದ್ದೀರಿ ಡ್ರಾಯರಿನಲ್ಲಿ? ಪೆನ್ನು ನನ್ನ ಹತ್ತಿರ ಇದೆ ಅಂದೆನಲ್ಲ.

ಇದು...

ಇದು ನಿಮ್ಮ ಕೈಗೆ ಹೇಗೆ ಬಂತು?

ಮೆಮೊ. ನಿರ್ದೇಶಕರ ಕಚೇರಿಯದು. ‘ಉಪಕರಣದ ಮೂಲ ರಿಜಿಸ್ಟರ್ ಆಪರೇಟರ್ ಅವರ ಅಜಾಗರೂಕತೆಯಿಂದ ಕಳೆದುಹೋಗಿರುವುದಾಗಿ ವಿಭಾಗದ ಮುಖ್ಯಸ್ಥರು ಸೋಮವಾರ ಲಿಖಿತವಾಗಿ ತಿಳಿಸಿರುತ್ತಾರೆ. ಶಿಸ್ತುಕ್ರಮ ಏಕೆ ಕೈಗೊಳ್ಳಬಾರದು ಎಂಬುದಕ್ಕೆ ಮೂರು ದಿನಗಳೊಳಗೆ...’ ಓದಲ್ಲ. ಮುಂದೆ ಏನಿದೆ ಗೊತ್ತು ನನಗೆ.

ಕಚೇರಿಯವರಿಗೆ ಹೇಳಿದ್ದೆ, ಫೈಲಲ್ಲಿ ಇಟ್ಟಿರಿ ಸಾಕು, ಸಮಿತಿ ಹೋಗೋವರೆಗೂ ಮುಂದಕ್ಕೆ ಕಳಿಸಬೇಡಿ ಅಂತ. ಈ ಕಟ್ಟಡದಲ್ಲಿ ಒಂದು ಕಾಗದ ಒಂದು ಮೇಜಿಂದ ಇನ್ನೊಂದು ಮೇಜಿಗೆ ಹೋಗೋಕೆ ಹದಿನೈದು ದಿನ ಬೇಕು. ಇದೊಂದು ಮಾತ್ರ ಎರಡೇ ದಿನಕ್ಕೆ ನೆಲಮಾಳಿಗೆಗೆ ಇಳಿದು ಬಂದಿದೆ. ಯಾವಾಗ ಕೊಟ್ಟರು? ಇವತ್ತು ಬೆಳಿಗ್ಗೆಯೇ? ಹಾಗಾದರೆ ನಾನು ಬಂದು ಕೂತಾಗಲೇ ನಿಮಗೆ...

ಇಷ್ಟು ಹೊತ್ತೂ ಗೊತ್ತಿತ್ತು. ನಾನು ಹೇಳ್ತಿದ್ದೆ, ನೀವು ಕೇಳ್ತಿದ್ದಿರಿ.

ನಾನು ಯಾಕೆ ಬರೆದೆ ಅಂದರೆ... ಇಲ್ಲ, ಕೇಳಿ. ನೀವು ಸಹಿ ಹಾಕಲ್ಲ ಅಂತ ನನಗೆ ಗೊತ್ತಿತ್ತು ಅಕ್ಕಾ. ಈ ಹತ್ತೊಂಬತ್ತು ವರ್ಷದಲ್ಲಿ ನಿಮ್ಮಷ್ಟು ಚೆನ್ನಾಗಿ ನನಗೆ ಗೊತ್ತಿರೋರು ಇನ್ನೊಬ್ಬರಿಲ್ಲ. ಹಾಕಲ್ಲ ಅಂದರೆ ಏನು ಮಾಡೋದು? ರಿಜಿಸ್ಟರ್ ಎಲ್ಲಿ ಅಂತ ಸಮಿತಿ ಕೇಳಿದರೆ ಒಂದು ಕಾರಣ ಬೇಕಲ್ಲ, ಕಾರಣಕ್ಕೆ ಒಂದು ಕಾಗದ ಬೇಕಲ್ಲ. ಮಣ್ಣಿನ ಪ್ರೊಫೆಸರು ಹೇಳಿಕೊಟ್ಟರು ಅಂತ ಹೇಳಬಹುದು, ಹೇಳಲ್ಲ. ಪದ ನನ್ನದು. ‘ಅಜಾಗರೂಕತೆ’ ಅನ್ನೋ ಪದ ನಾನೇ ಹುಡುಕಿದ್ದು. ಮೊದಲು ‘ನಿರ್ಲಕ್ಷ್ಯ’ ಅಂತ ಬರೆದಿದ್ದೆ, ಅದು ಜಾಸ್ತಿ ಆಯ್ತು ಅಂತ ತಿದ್ದಿದೆ. ತಿದ್ದಿ, ಪರವಾಗಿಲ್ಲ, ಸ್ವಲ್ಪ ಮೆತ್ತಗಾಯ್ತು ಅಂತ ಸಮಾಧಾನ ಪಟ್ಟುಕೊಂಡೆ. ಎಂಥಾ ಮನುಷ್ಯ ನೋಡಿ.

ನೀವು ಸಹಿ ಹಾಕಿದ್ದರೆ ಆ ಪತ್ರ ವಾಪಸ್ ತಗೋತಿದ್ದೆ. ನಿಜ. ನಂಬ್ತೀರಾ?

ನಂಬಬೇಡಿ. ನನಗೇ ಖಾತ್ರಿ ಇಲ್ಲ. ಅನುದಾನ ಬಂದಮೇಲೆ ಆ ಪತ್ರ ವಾಪಸ್ ತಗೊಂಡರೆ ಹಳೇ ರಿಜಿಸ್ಟರ್ ಎಲ್ಲಿಂದ ಬಂತು ಅಂತ ಕೇಳ್ತಾರಲ್ಲ. ತಗೋತಿರಲಿಲ್ಲ ಅಂತಲೇ ಕಾಣುತ್ತೆ. ನಿಮ್ಮ ಮೇಲೆ ಮಾತು ಬರೋಕೆ ಬಿಡಲ್ಲ ಅಂತ ಈಗ ಎರಡು ನಿಮಿಷದ ಹಿಂದೆ ಇದೇ ಬಾಯಲ್ಲಿ ಹೇಳಿದೆ.

ಎಲ್ಲಿಗೆ ಎದ್ದಿರಿ? ಕಪಾಟು ಯಾಕೆ... ಅದು ಇಲ್ಲೇ ಇತ್ತಾ? ಎದುರಿಗೇ, ಮೇಲಿನ ಅರೇಲೇ? ಬೀಗವೂ ಹಾಕಿಲ್ಲ.

ಕೊಡಿ ನೋಡೋಣ. ಕೊಡಲ್ವಾ? ಸರಿ, ನಿಮ್ಮ ಕೈಯಲ್ಲೇ ಇರಲಿ, ಪುಟ ತಿರುಗಿಸಿ. ನಿಮ್ಮ ಅಕ್ಷರ. ನೀಲಿ ಶಾಯಿ, ಒಂದೇ ಪೆನ್ನು. ಬಳಸಿದವರು, ನೀವು. ಆಪರೇಟರ್, ನೀವು. ಬಳಸಿದವರು, ನೀವು. ಇದೇನು, ಈ ಪುಟದ ಉದ್ದಕ್ಕೂ? ‘ಪಂಪ್ ಕೆಟ್ಟಿದೆ. ಕೆಲಸ ಇಲ್ಲ.’ ನಲವತ್ತು ದಿನವೂ ಬರೆದಿದ್ದೀರಾ? ಕೆಲಸ ಇಲ್ಲದ ದಿನವೂ ಬಂದು, ಕೆಲಸ ಇಲ್ಲ ಅಂತ ಬರೆದು, ಸಹಿ ಹಾಕಿದ್ದೀರಾ? ಹಾಗೆ ಬರೀರಿ ಅಂತ ನಾನು ಎಲ್ಲೂ ಹೇಳಿರಲಿಲ್ಲವಲ್ಲ.

ಕೇಳಿಸ್ತಾ? ಮೆಟ್ಟಿಲ ಮೇಲೆ. ಬಂದರು, ಇನ್ನೂ ಆರು ನಿಮಿಷ ಇತ್ತು. ಡಾಕ್ಟರ ನಗು ಅದು, ಮುಂದೆ ಮುಂದೆ ದಾರಿ ತೋರಿಸ್ತಾ ಬರ್ತಿದ್ದಾರೆ. ಅಕ್ಕಾ, ಅದನ್ನ ಒಳಗಿಡಿ. ಇವತ್ತೊಂದು ದಿನ. ನನ್ನದನ್ನೂ ತೋರಿಸಲ್ಲ, ನಿಮ್ಮದೂ ಬೇಡ, ರಿಜಿಸ್ಟರ್ ಬೈಂಡಿಂಗಿಗೆ ಹೋಗಿದೆ ಅಂತೀನಿ. ನಿಮ್ಮ ಮೆಮೊ ಹರಿದು ಹಾಕಿಸ್ತೀನಿ. ಸಂಜೆ ಒಳಗೆ ನಾನೇ ನಿರ್ದೇಶಕರ ಹತ್ತಿರ ಹೋಗಿ... ಬಾಗಿಲ ಹತ್ತಿರ ಹೋಗಬೇಡಿ. ಅಕ್ಕಾ. ಒಂದು ನಿಮಿಷ, ಚಿಲಕ ತೆಗೀಬೇಡಿ, ನನ್ನ ಮುಖ ಒಂದು ಸ್ವಲ್ಪ...

ಬನ್ನಿ ಮೇಡಂ. ಬನ್ನಿ, ಬನ್ನಿ ಎಲ್ಲರೂ. ಹೌದು, ಸ್ವಲ್ಪ ಚಳಿ ಇಲ್ಲಿ, ಯಂತ್ರಕ್ಕೆ ಬೇಕು. ಇವರು... ಇವರು ನಮ್ಮ ಆಪರೇಟರ್. ರಿಜಿಸ್ಟರಾ? ಇದು... ಇಲ್ಲ ಮೇಡಂ, ಇದಲ್ಲ. ನನ್ನ ಕೈಯಲ್ಲಿರೋದಲ್ಲ. ಅವರು ಎರಡೂ ಕೈಯಲ್ಲಿ ನಿಮಗೆ ಕೊಡ್ತಿದ್ದಾರಲ್ಲ, ಅದನ್ನ ತಗೊಳ್ಳಿ.